ಗೋಡೆಗೂ ಇಂಟರ್‌ಲಾಕಿಗೂ ನಡುವಿನ ಸಂದು: ಪುತ್ತೂರು ಕಡೆಯ ಒಂದು ಮನೆಯ ಪ್ರಕರಣ

ಪುತ್ತೂರು ತಾಲೂಕಿನ ಒಂದು ಅಡಿಕೆ ತೋಟದ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಒಳಗೂ ಹೊರಗೂ ಸಿಮೆಂಟ್ ಸಾರಣೆ, ಮೇಲೆ ಹಂಚಿನ ಮಾಡು. ಕಟ್ಟಿದ್ದು ತೊಂಬತ್ತರ ದಶಕದಲ್ಲಿ. ಪಂಚಾಂಗವೂ, ಅಂದರೆ ಅಡಿಪಾಯವೂ, ಮುರಕಲ್ಲಿನದೇ, ಅದರ ಮೇಲೆ ಕಾಂಕ್ರೀಟಿನ ಬೆಲ್ಟ್ ಇಲ್ಲ. ಯಜಮಾನರು ನಿವೃತ್ತ ಅಧ್ಯಾಪಕರು, ಊರವರಿಗೆಲ್ಲ ಮಾಷ್ಟ್ರು. ಮಗಳ ಮದುವೆಗೆ ಮೊದಲು ಮಣ್ಣಿನ ಅಂಗಳಕ್ಕೆ 60 ಮಿ.ಮೀ. ದಪ್ಪದ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಹೊಂದಿಸಿ ಕೂರಿಸುವ ಕಾಂಕ್ರೀಟ್ ಕಲ್ಲು, ಹಾಸಿಸಿದ್ದರು. ಚಪ್ಪರ ಹಾಕಲು, ಕಾರು ನಿಲ್ಲಿಸಲು, ಮದುವೆ ಕಳೆದ ಮೇಲೆ ಅಡಿಕೆ ಒಣಗಿಸಲು ಅನುಕೂಲ ಆಗುತ್ತದೆಂದು. ಅನುಕೂಲ ಆಯಿತು ಕೂಡ. ಆದರೆ ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಪಡುಬದಿಯ ಎರಡು ಕೋಣೆಗಳಲ್ಲಿ ನೆಲದಿಂದ ಸುಮಾರು ಎರಡು ಅಡಿ ಎತ್ತರದವರೆಗೆ ಪೈಂಟ್ ಎದ್ದುಬಂತು, ಪುಟ್ಟಿ ಉಬ್ಬಿತು, ಅದರ ಮೇಲೆ ಬಿಳಿ ಉಪ್ಪು ಕಾಣಿಸಿಕೊಂಡಿತು. ಇಪ್ಪತ್ತೈದು ವರ್ಷ ಇಲ್ಲದ ಒರತೆ ಈಗ ಎಲ್ಲಿಂದ ಬಂತು ಎಂಬುದು ಮಾಷ್ಟ್ರ ಪ್ರಶ್ನೆ.

ಹೊರಗೆ ನೋಡಿದರೆ ಪಡುಗೋಡೆಯ ಉದ್ದಕ್ಕೂ, ಅಂದರೆ ಸುಮಾರು 11 ಮೀಟರ್, ಗೋಡೆಗೂ ಇಂಟರ್‌ಲಾಕಿಗೂ ನಡುವೆ ಸಂದು ಬಿಟ್ಟಿತ್ತು. ತೆಂಕು ಮೂಲೆಯಲ್ಲಿ 5 ಮಿ.ಮೀ., ಬಡಗು ದಿಕ್ಕಿಗೆ ಹೋಗುತ್ತ ಹೋಗುತ್ತ 35 ಮಿ.ಮೀ. ಒಣಗಲು ಹರಡಿದ ಅಡಿಕೆ ಅದರೊಳಗೆ ಬೀಳುತ್ತಿತ್ತು. ಮನೆಯವರು ಅಷ್ಟರಲ್ಲೇ ಮೂರು ಉಪಾಯ ಮಾಡಿದ್ದರು. ಎರಡು ಸಲ ಸಿಮೆಂಟ್ ಗಾರೆ ತುಂಬಿಸಿದ್ದು ಮಳೆಗಾಲ ಮುಗಿಯುವ ಮೊದಲೇ ಕೂದಲೆಳೆಯ ಬಿರುಕು ಬಿಟ್ಟು, ಆಮೇಲೆ ತುಂಡು ತುಂಡಾಗಿ ಎದ್ದಿತ್ತು. ಮೂರನೆಯ ಸಲ ಹಾರ್ಡ್‌ವೇರ್ ಅಂಗಡಿಯಿಂದ ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಟ್ಯೂಬ್ ತಂದು ಹಾಕಿದರು. ಅದು ಗೋಡೆ ಬಿಟ್ಟು ಉದ್ದಕ್ಕೆ ಪಟ್ಟಿಯಾಗಿ ಕೈಗೆ ಬಂತು.

"ಇದಕ್ಕಿಂತ ಗಟ್ಟಿಯ ಟ್ಯೂಬ್ ಯಾವುದಾದರೂ ಉಂಟಾ? ಅದನ್ನೇ ಹಾಕಿಬಿಡುವ" ಎಂದರು ಮಾಷ್ಟ್ರು. ಈ ಪ್ರಕರಣವನ್ನು ವಿವರವಾಗಿ ಬರೆಯಲು ಆ ಮಾತೇ ಕಾರಣ. ಇಂಟರ್‌ಲಾಕ್ ಹಾಕಿಸಿದ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದನ್ನೇ ಕೇಳುತ್ತಾರೆ. ಟ್ಯೂಬ್ ಬೇಕಾಗುತ್ತದೆ, ನಿಜ. ಆದರೆ ಅದರ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ತಿಳಿಯಬೇಕಾಗಿದ್ದದ್ದು ಒರತೆ ನಿಜವಾಗಿ ಈ ಸಂದಿನಿಂದಲೇ ಬರುತ್ತಿದೆಯೇ ಎಂಬುದು. ಬಾತ್‌ರೂಮಿನ ಪೈಪು ಆ ಗೋಡೆಯಲ್ಲಿಲ್ಲ. ಮಾಡಿನ ಹಂಚು ಒಡೆದಿದ್ದರೆ ಕಲೆ ಮೇಲಿನಿಂದ ಇಳಿಯಬೇಕಿತ್ತು, ಇಲ್ಲಿ ಅದು ಕೆಳಗಿನಿಂದ ಏರಿತ್ತು. ಒಂದು ಕೋಣೆಯ ಕಿಟಕಿಯ ಕೆಳಮೂಲೆಯಲ್ಲಿ ಮಾತ್ರ ಬೇರೆ ರೀತಿಯ ಕಲೆಯಿತ್ತು, ಅದನ್ನು ಬದಿಗಿಟ್ಟೆವು. ಮಳೆಯಿಲ್ಲದೆ ಗೋಡೆ ಚೆನ್ನಾಗಿ ಒಣಗಿದ್ದ ಜನವರಿಯಲ್ಲಿ ಪರೀಕ್ಷೆ ಮಾಡಿದೆವು. ಗೋಡೆಯಿಂದ ಒಂದೂವರೆ ಮೀಟರ್ ಆಚೆ ಇಂಟರ್‌ಲಾಕಿನ ಮೇಲೆ ಪೈಪಿನಿಂದ ನೀರು ಬಿಟ್ಟು ಮರುದಿನದವರೆಗೆ ಕಾದೆವು. ಒಳಗೋಡೆಯಲ್ಲಿ ಏನೂ ಇಲ್ಲ. ಆಮೇಲೆ ಅಷ್ಟೇ ನೀರನ್ನು ನಿಧಾನವಾಗಿ ಸಂದಿಗೇ ಬಿಟ್ಟೆವು. ಅಲ್ಲಿ ನೀರು ನಿಲ್ಲಲೇ ಇಲ್ಲ, ಬಿಟ್ಟಷ್ಟನ್ನೂ ಸಂದು ಕುಡಿಯಿತು. ಮರುದಿನ ಬೆಳಿಗ್ಗೆ ಒಳಗೆ ನೆಲದ ಅಂಚಿನಲ್ಲಿ ಒದ್ದೆಯ ಗೆರೆ ಮೂಡಿತ್ತು. ಮುರಕಲ್ಲು ರಂಧ್ರಗಳ ಕಲ್ಲು. ಕಟ್ಟಡಕ್ಕೆ ಬಳಸುವ ಮುರಕಲ್ಲು ತನ್ನ ತೂಕದ 12 ಶೇಕಡಾವರೆಗೆ ನೀರು ಹೀರಬಹುದೆಂದು ಭಾರತೀಯ ಮಾನಕವೇ ಮಿತಿ ಹಾಕಿದೆ. ಪಂಚಾಂಗದ ಬುಡಕ್ಕೆ ನೀರು ಸಿಕ್ಕಿದರೆ ಅದು ಮೇಲೇರುವುದರಲ್ಲಿ ಆಶ್ಚರ್ಯವೇನಿಲ್ಲ, ತಡೆಯಲು ಬೆಲ್ಟೂ ಇಲ್ಲದ ಗೋಡೆ ಇದು.

ಹಾಗಾದರೆ ಅಷ್ಟು ನೀರು ಸಂದಿನವರೆಗೆ ಬರುವುದು ಹೇಗೆ? ಮೇಸ್ತ್ರಿಯ ಲೆವೆಲ್ ಪೈಪು ಹಿಡಿದು ಅಳೆದಾಗ ಉತ್ತರ ಸಿಕ್ಕಿತು. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ಅಂಗಳದ ಮಟ್ಟ ಗೋಡೆಯ ಬುಡಕ್ಕಿಂತ 18 ಮಿ.ಮೀ. ಎತ್ತರ. ಇರಬೇಕಾದದ್ದು ಇದಕ್ಕೆ ತದ್ವಿರುದ್ಧ, ಅಂದರೆ ಗೋಡೆಯಿಂದ ಹೊರಕ್ಕೆ ಮೀಟರಿಗೆ 20 ಮಿ.ಮೀ. ಇಳಿಜಾರು. ಇನ್ನು ಮಾಡಿನ ನೀರು. ಹಂಚಿನ ಮಾಡಿನ ಪಡು ಇಳಿಜಾರಿನ ವಿಸ್ತಾರ ನೆಲದ ಲೆಕ್ಕದಲ್ಲಿ 55 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಆಷಾಢದಲ್ಲಿ ನಮ್ಮ ಕಡೆ ಒಂದೇ ದಿನ 100 ಮಿ.ಮೀ. ಮಳೆ ಬೀಳುವುದು ಅಪರೂಪವಲ್ಲ. ಅಂಥ ದಿನ ಆ ಒಂದು ಬದಿಯಿಂದಲೇ 5,500 ಲೀಟರ್ ನೀರು ಅಂಗಳಕ್ಕೆ ಬೀಳುತ್ತದೆ, ಅದರ ಒಂದು ಪಾಲು ಗೋಡೆಯ ಕಡೆಗೇ ವಾಲುತ್ತದೆ. ಮಣ್ಣಿನ ಅಂಗಳವಿದ್ದಾಗ ಮಾಡಿನ ನೀರು ಬೀಳುವಲ್ಲಿ ತಾನೇ ತೋಡಿಕೊಂಡ ಒಂದು ಸಣ್ಣ ಕಣಿಯಿತ್ತು, ನೀರು ಅದರಲ್ಲೇ ತೋಟಕ್ಕೆ ಹೋಗುತ್ತಿತ್ತು ಎಂದು ಮನೆಯ ಅಜ್ಜಿ ನೆನಪಿಸಿಕೊಂಡರು. ಇಪ್ಪತ್ತೈದು ವರ್ಷದ ಕಥೆಗೆ ಬೇಕಾದ ವಿವರಣೆ ಆ ಒಂದು ಮಾತಿನಲ್ಲಿತ್ತು. ಇಂಟರ್‌ಲಾಕ್ ಹಾಕಿದವರು ಆ ಕಣಿಯನ್ನು ಮುಚ್ಚಿದರು, ಬದಲಿ ದಾರಿ ಕೊಡಲಿಲ್ಲ. ಜೊತೆಗೆ ಗಟ್ಟಿ ನೆಲಕ್ಕೆ ಬಿದ್ದ ನೀರು ಸಿಡಿದು ಗೋಡೆಗೆ ರಾಚುತ್ತಿತ್ತು.

ಗೋಡೆಯ ಬದಿಯ ಮೂರು ಸಾಲು ಕಲ್ಲು ಎಬ್ಬಿಸಿದಾಗ ಇನ್ನೊಂದು ವಿಷಯ ಕಂಡಿತು. ಪಂಚಾಂಗ ಕಟ್ಟುವಾಗ ಗುಂಡಿಯನ್ನು ಗೋಡೆಯ ದಪ್ಪಕ್ಕಿಂತ ಅಗಲವಾಗಿ ತೋಡಿರುತ್ತಾರೆ, ಉಳಿದ ಜಾಗಕ್ಕೆ ಆಮೇಲೆ ಮಣ್ಣು ತಳ್ಳುತ್ತಾರೆ. ಈ ಮಣ್ಣನ್ನು ಪದರ ಪದರವಾಗಿ ಗುದ್ದಿ ಗಟ್ಟಿ ಮಾಡುವವರು ಕಡಿಮೆ. ಇಲ್ಲಿ ಇಂಟರ್‌ಲಾಕಿಗಾಗಿ ಅದರ ಮೇಲೆ ಮತ್ತೆ ಅರ್ಧ ಅಡಿ ಹೊಸ ಮಣ್ಣು ಹಾಕಿದ್ದರು. ನಡು ಅಂಗಳಕ್ಕೆ ಕಂಪಿಸುವ ಪ್ಲೇಟ್ ಮೆಷಿನ್ ಓಡಿಸಿದರೂ ಗೋಡೆಯ ಹತ್ತಿರ, ಸಾರಣೆಗೆ ತಾಗೀತೆಂದು, ಬಿಟ್ಟಿದ್ದರು. ನೀರು ಇಳಿದಷ್ಟೂ ಆ ಮಣ್ಣು ಕುಸಿಯಿತು. ಕಲ್ಲಿನಡಿಯ ಜಲ್ಲಿ ಹುಡಿ ಸಂದಿನ ಮೂಲಕ ಕೊಚ್ಚಿಹೋಗಿ ಅಲ್ಲಲ್ಲಿ ಪೊಳ್ಳಾಗಿತ್ತು. ಕಲ್ಲು ಕುಸಿದಂತೆ ಇಳಿಜಾರು ಗೋಡೆಯ ಕಡೆಗೆ ತಿರುಗಿತು, ತಿರುಗಿದ್ದರಿಂದ ಇನ್ನಷ್ಟು ನೀರು ಬಂತು, ಇನ್ನಷ್ಟು ಕುಸಿಯಿತು. ಗೋಡೆಗೆ ತಾಗಿದ ಕೊನೆಯ ಸಾಲಿನಲ್ಲಿ ಕಟ್ಟರ್ ಮೆಷಿನಿನಿಂದ ಕೊಯ್ದ ಎರಡು ಬೆರಳಗಲದ ಚೂರುಗಳಿದ್ದವು. ಅಂಥ ಚೂರು ಎಲ್ಲಿಯೂ ನಿಲ್ಲುವುದಿಲ್ಲ, ಒಂದು ಕಾಲಿಟ್ಟರೆ ಅಲುಗುತ್ತದೆ.

ಸಿಮೆಂಟ್ ಗಾರೆ ಯಾಕೆ ನಿಲ್ಲಲಿಲ್ಲ ಎಂಬುದನ್ನು ಮಾಷ್ಟ್ರಿಗೆ ಅಲ್ಲೇ ತೋರಿಸಿದೆ. ಗೋಡೆ ನಿಂತಿರುವುದು ಪಂಚಾಂಗದ ಮೇಲೆ, ಅದು ಕುಸಿದು ಮುಗಿದು ಎಷ್ಟೋ ವರ್ಷವಾಯಿತು. ಕಲ್ಲು ಕೂತಿರುವುದು ಹೊಸ ಮಣ್ಣಿನ ಮೇಲೆ, ಅದು ಇನ್ನೂ ಇಳಿಯುತ್ತಿದೆ. ಇವೆರಡರ ನಡುವೆ ಬಗ್ಗದ ಗಾರೆ ಹಾಕಿದರೆ ಅದು ಒಂದನ್ನು ಬಿಡಲೇಬೇಕು. ಬಿಸಿಲಿನ ಚಲನೆಯೂ ಇದೆ. ಅಂಗಳದ ಅಗಲ 12 ಮೀಟರ್. ಮುಂಜಾನೆಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಕಾಂಕ್ರೀಟ್ ಕಲ್ಲಿನ ಮೈಬಿಸಿಯಲ್ಲಿ 30 ಡಿಗ್ರಿಯಷ್ಟು ವ್ಯತ್ಯಾಸವಾದರೆ ಒಟ್ಟು ಹಿಗ್ಗುವಿಕೆ ಸುಮಾರು ಮೂರೂವರೆ ಮಿ.ಮೀ. ಅದರಲ್ಲಿ ಒಂದಷ್ಟನ್ನು ಕಲ್ಲು ಕಲ್ಲಿನ ನಡುವಿನ ಸಂದುಗಳು ನುಂಗುತ್ತವೆ, ಮಿಕ್ಕದ್ದು ಅಂಚಿಗೆ ಬರುತ್ತದೆ. ಆದ್ದರಿಂದ ಗೋಡೆಯ ಬದಿಯ ಸಂದು ಇರಲೇಬೇಕು. ಆದರೆ ಅದು ಉದ್ದಕ್ಕೂ ಒಂದೇ ಅಳತೆಯದಾಗಿರಬೇಕು, ಅದರೊಳಗೆ ಹಿಗ್ಗಿ ಕುಗ್ಗುವ ವಸ್ತು ಇರಬೇಕು.

ಏನು ಹಾಕುವುದು ಎಂಬ ಚರ್ಚೆ ಜಗಲಿಯಲ್ಲಿ ಸಾಕಷ್ಟು ನಡೆಯಿತು. ಡಾಂಬರು ಕಾಯಿಸಿ ಸುರಿಯುವ ಸಲಹೆ ನೆರೆಮನೆಯಿಂದ ಬಂತು. ಅಡಿಕೆ ಒಣಗಿಸುವ ಅಂಗಳಕ್ಕೆ ಅದು ಆಗದು, ಬಿಸಿಲಿಗೆ ಕರಗಿ ಕಾಲಿಗೂ ಅಡಿಕೆಗೂ ಅಂಟುತ್ತದೆ. ನೀರು ತಾಗಿದಾಗ ಗಟ್ಟಿಯಾಗುವ ಪಾಲಿಮರ್ ಮರಳನ್ನು ಮಾಷ್ಟ್ರ ಮಗ ಇಂಟರ್ನೆಟ್ಟಿನಲ್ಲಿ ನೋಡಿದ್ದ. ಕಲ್ಲು ಕಲ್ಲಿನ ನಡುವೆ ಅದು ಒಳ್ಳೆಯ ವಸ್ತುವೇ. ಎರಡು ಬದಿ ಬೇರೆ ಬೇರೆಯಾಗಿ ಚಲಿಸುವ ಗೋಡೆಯ ಸಂದಿಗೆ ಅದೂ ಬಿರುಕು ಬಿಡುತ್ತದೆ, ತಿಂಗಳುಗಟ್ಟಲೆ ಒದ್ದೆಯಾಗೇ ಇರುವಲ್ಲಂತೂ ಮೆತ್ತಗಾಗುತ್ತದೆ. ಬಾತ್‌ರೂಮ್ ಸಿಲಿಕೋನ್ ಸೋತದ್ದಕ್ಕೆ ಕಾರಣ ಎರಡು. ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಸಿಮೆಂಟಿನ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಮೇಲಾಗಿ ಅದನ್ನು ಹಚ್ಚಿದ್ದು ಹುಡಿ ತುಂಬಿದ ಅಂಚಿಗೆ.

ನನಗೆ ವೈಯಕ್ತಿಕವಾಗಿ ಹೆಚ್ಚು ಇಷ್ಟದ ದಾರಿ ಗೋಡೆಯ ಬುಡದ ಒಂದೂವರೆ ಅಡಿ ಜಾಗದಲ್ಲಿ ಇಂಟರ್‌ಲಾಕನ್ನೇ ಹಾಕದೆ ಜಲ್ಲಿ ತುಂಬಿಸುವುದು. ಸಿಡಿಯುವ ನೀರು ಕಡಿಮೆಯಾಗುತ್ತದೆ, ಗೋಡೆ ಉಸಿರಾಡುತ್ತದೆ. ಆದರೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ, ಅಡಿಯಲ್ಲಿ ನೀರು ಹೊರಹೋಗುವ ಕಣಿಯಿಲ್ಲದೆ ಜಲ್ಲಿ ತುಂಬಿಸಿದರೆ, ಪಂಚಾಂಗಕ್ಕೆ ತಾಗಿಸಿ ಒಂದು ಟ್ಯಾಂಕಿ ಕಟ್ಟಿದಂತೆಯೇ. ಪಡುಬದಿಯಲ್ಲಿ ಆಳದ ಕಣಿ ತೋಡಿದರೆ ಬಾವಿಯ ಕಡೆಗೆ ಹೋಗುತ್ತಿತ್ತು. ಅಡಿಕೆ ಹರಡುವ ಅಂಗಳದಲ್ಲಿ ಜಲ್ಲಿ ಬೇಡವೆಂದು ಮನೆಯವರೂ ಹೇಳಿದರು. ಹಾಗಾಗಿ ಆ ದಾರಿಯನ್ನು ಅಡುಗೆಮನೆಯ ಹಿಂಬದಿಗೆ ಮಾತ್ರ ಇಟ್ಟುಕೊಂಡೆವು. ಅಲ್ಲಿ ನೆಲ ತೋಟಕ್ಕೆ ಇಳಿಜಾರಾಗಿದೆ.

ಕೆಲಸ ಶುರುವಾದದ್ದು ಮಾಡಿನಿಂದ. ಪಡು ಅಂಚಿಗೆ ಹರಿನಾಳಿಗೆ ಕಟ್ಟಿಸಿ, ಎರಡು ಕಡೆ 110 ಮಿ.ಮೀ. ಪಿವಿಸಿ ಪೈಪಿನಲ್ಲಿ ನೀರನ್ನು ಇಳಿಸಿ, ಅಂಗಳದಡಿಯಿಂದ ತೋಟದ ಕಣಿಗೆ ಸೇರಿಸಿದೆವು. ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟ ಖರ್ಚು ಇದೇ ಎಂದು ಈಗಲೂ ನಂಬಿದ್ದೇನೆ. ಹಣ ಒಂದೇ ಕೆಲಸಕ್ಕೆ ಇದೆ ಎನ್ನುವವರಿಗೆ ನಾನು ಇದನ್ನೇ ಮಾಡಿ ಅನ್ನುತ್ತೇನೆ, ಸಂದು ಆಮೇಲೆ ಮುಚ್ಚೋಣ.

ಎರಡನೆಯದು ಇಳಿಜಾರು. ಗೋಡೆಯಿಂದ ಸುಮಾರು ನಾಲ್ಕು ಅಡಿ ಅಗಲಕ್ಕೆ ಕಲ್ಲು ತೆಗೆದು, ಸಡಿಲ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ಅಗೆದು, ಸಣ್ಣ ದೊಡ್ಡ ಜಲ್ಲಿ ಮತ್ತು ಹುಡಿ ಬೆರೆಸಿದ ಮಿಶ್ರಣವನ್ನು ನಾಲ್ಕು ನಾಲ್ಕು ಇಂಚಿನ ಪದರಗಳಲ್ಲಿ ನೀರು ಹಾಕಿ ಗುದ್ದಿಸಿದೆವು. ಗೋಡೆಗೆ ತಾಗುವಲ್ಲಿ ಮೆಷಿನ್ ಬಿಟ್ಟು ಕೈಗುದ್ದುಕೋಲು ಬಳಸಿದ್ದು. ಇಲ್ಲಿ ಮಟ್ಟದ ಲೆಕ್ಕ ಸ್ವಲ್ಪ ಬಿಗಿಯಾಗಿತ್ತು. ಗೋಡೆಯ ಬುಡವನ್ನು 18 ಮತ್ತು 20 ಸೇರಿಸಿ ಸುಮಾರು 40 ಮಿ.ಮೀ. ಎತ್ತರಿಸಬೇಕು. ಆದರೆ ಅಂಗಳದ ಮಟ್ಟ ಮನೆಯ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕೆಂಬುದನ್ನು ಬಿಡುವಂತಿಲ್ಲ. ಮೊದಲು ಆ ಅಂತರ 205 ಇತ್ತು, ಎತ್ತರಿಸಿದ ಮೇಲೆ 165 ಉಳಿಯಿತು. ಅಷ್ಟು ಉಳಿಯದಿದ್ದರೆ ಇಡೀ ಅಂಗಳವನ್ನು ಇಳಿಸಬೇಕಾಗುತ್ತಿತ್ತು. ಇಂಟರ್‌ಲಾಕ್ ಹಾಕಿಸುವ ಮೊದಲೇ ಈ ಒಂದು ಅಳತೆಯನ್ನು ನೋಡಿಕೊಳ್ಳಿ ಎಂದು ಎಲ್ಲರಲ್ಲಿ ಕೇಳಿಕೊಳ್ಳುತ್ತೇನೆ. ಅಂಗಳ ಎತ್ತರವಾದಷ್ಟೂ ಚೆಂದವೆಂದು ಮಣ್ಣು ತುಂಬಿಸಿ, ಪಂಚಾಂಗವನ್ನೇ ಮುಳುಗಿಸಿದ ಮನೆಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ನೆಲ ತೆರೆದಿದ್ದಾಗಲೇ ಗೋಡೆಯ ಬುಡದ ಹಳೆಯ ಸಾರಣೆಯನ್ನು ತಟ್ಟಿ ನೋಡಿದೆವು. ಪೊಳ್ಳು ಸದ್ದು ಬಂದಲ್ಲೆಲ್ಲ ಕೆತ್ತಿ ತೆಗೆದು ಹೊಸದಾಗಿ ಸಾರಣೆ ಮಾಡಿಸಿ, ನೀರುಣಿಸಿ, ಆರಲು ಬಿಟ್ಟೆವು. ಅದು ಒಣಗಿದ ಮೇಲೆ ಅಂಗಳದ ಮಟ್ಟದಿಂದ ಒಂದು ಅಡಿ ಕೆಳಗಿನಿಂದ ಅರ್ಧ ಅಡಿ ಮೇಲಿನವರೆಗೆ ಸಿಮೆಂಟ್ ಮತ್ತು ಪಾಲಿಮರ್ ಬೆರೆಸುವ ಲೇಪವನ್ನು ಎರಡು ಕೈ ಬಳಿಸಿದ್ದು. ಸಂದು ಒಂದು ವೇಳೆ ಮುಂದೆ ಸೋತರೂ ನೀರು ನೇರ ಮುರಕಲ್ಲಿಗೆ ತಾಗಬಾರದೆಂದು ಇದು. ಬಾಗಿಲ ದಾರಂದದ ಬುಡದಲ್ಲಿ ಗೆದ್ದಲಿನ ಮಣ್ಣುಗೆರೆ ಕಂಡಿತ್ತು. ಅದನ್ನು ಕೆರೆದು ತೆಗೆದು, ಕೊಳೆತ ಮರ ಬದಲಾಯಿಸಿದೆವು. ಮಣ್ಣಿಗೆ ಗೆದ್ದಲಿನ ಮದ್ದು ಸುರಿಸಲು ನಾನು ಒಪ್ಪಲಿಲ್ಲ, ಕುಡಿಯುವ ನೀರಿನ ಬಾವಿ ಅಷ್ಟು ಹತ್ತಿರ.

ಗೋಡೆಯ ಉದ್ದಕ್ಕೆ ಒಂದೂವರೆ ಅಡಿ ಅಗಲ, ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿದೆವು, ಗೋಡೆಗೂ ಅದಕ್ಕೂ ನಡುವೆ ತೆಳು ಫೋಮ್ ಶೀಟ್ ಇಟ್ಟು. ಮೇಸ್ತ್ರಿಗೆ ಇದು ಸರಿಬರಲಿಲ್ಲ. "ಗೋಡೆಗೆ ಕಂಬಿ ಹಾಕಿ ಒಟ್ಟಿಗೇ ಕಟ್ಟಿದರೆ ಗಟ್ಟಿ ಅಲ್ವಾ ಸಾರ್?" ಎಂದ. ಗಟ್ಟಿಯಾದ್ದರಿಂದಲೇ ಹಳೆಯ ಗಾರೆ ಒಡೆದದ್ದೆಂದು ಹೇಳಿ, ಕಿತ್ತಿಟ್ಟ ತುಂಡುಗಳನ್ನು ತೋರಿಸಿದ ಮೇಲೆ ಒಪ್ಪಿದ. ಆ ಪಟ್ಟಿಯ ಮೇಲೆ ಗೋಡೆಗೆ ಸಮಾನಾಂತರವಾಗಿ ಇಡೀ ಕಲ್ಲುಗಳ ಒಂದು ಸಾಲನ್ನು ಗಾರೆಯಲ್ಲಿ ಕೂರಿಸಿದ್ದು, ಒಂದು ಚೂರೂ ಇಲ್ಲದಂತೆ. ಕೊಯ್ಯಬೇಕಾದ ಕಲ್ಲುಗಳನ್ನು ಎರಡನೆಯ ಸಾಲಿಗೆ ತಳ್ಳಿದೆವು, ಅಲ್ಲಿಯೂ ಮೂರನೇ ಒಂದು ಭಾಗಕ್ಕಿಂತ ಸಣ್ಣ ತುಂಡು ಬೇಡವೆಂದು ಕಟ್ಟುನಿಟ್ಟು. ಗೋಡೆಗೂ ಮೊದಲ ಸಾಲಿಗೂ ನಡುವೆ 15 ಮಿ.ಮೀ. ದಪ್ಪದ ಪ್ಲೈವುಡ್ ಪಟ್ಟಿ ಇಟ್ಟು ಕೂರಿಸಿ ಆಮೇಲೆ ಎಳೆದುದರಿಂದ ಸಂದು ಉದ್ದಕ್ಕೂ ಒಂದೇ ಅಗಲ ಬಂತು. ಸಂದಿಗೆ ತುಂಬಿಸಲು ನಾವು ತಂದದ್ದು ರಬ್ಬರಿನಂತೆ ಬಗ್ಗುವ ಪಾಲಿಯುರಿಥೇನ್ ಸೀಲೆಂಟ್. ಅದು ತನ್ನ ಅಗಲದ ಕಾಲುಭಾಗದಷ್ಟು ಹಿಗ್ಗಬಲ್ಲದು, ಕುಗ್ಗಬಲ್ಲದು. 15ರ ಕಾಲುಭಾಗ ಮೂರೂಮುಕ್ಕಾಲು. ಬಿಸಿಲಿನ ಮೂರೂವರೆಗೆ ಅಷ್ಟು ಬೇಕು. 5 ಮಿ.ಮೀ. ಸಂದಿಗೆ ಅದೇ ವಸ್ತು ಹಾಕಿದ್ದರೆ ಮೊದಲ ಬೇಸಿಗೆಗೇ ಹರಿಯುತ್ತಿತ್ತು.

ಸೀಲೆಂಟ್ ಹಾಕಿದ್ದು ಮಾರ್ಚ್ ತಿಂಗಳಲ್ಲಿ, ಬೆಳಗಿನ ಹೊತ್ತು. ಉರಿಬಿಸಿಲಿಗೆ ಕಲ್ಲು ಹಿಗ್ಗಿ ಸಂದು ಕಿರಿದಾಗಿರುತ್ತದೆ, ಆಗ ತುಂಬಿಸಿದರೆ ತಂಪಿನಲ್ಲಿ ಎಳೆತ ಹೆಚ್ಚು. ಎರಡು ಅಂಚನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಬ್ಲೋವರಿನಿಂದ ಹುಡಿ ಹಾರಿಸಿ, 20 ಮಿ.ಮೀ. ದಪ್ಪದ ಫೋಮ್ ಹಗ್ಗವನ್ನು ಸಂದಿನೊಳಗೆ ಒತ್ತಿ ಇಳಿಸಿದೆವು. ಅಂಗಡಿಯಲ್ಲಿ ಬ್ಯಾಕರ್ ರಾಡ್ ಎಂದು ಕೇಳಬೇಕು. ಇದನ್ನು ಬಿಟ್ಟು ನೇರ ಸೀಲೆಂಟ್ ಸುರಿಯುವವರೇ ಜಾಸ್ತಿ. ಈ ಹಗ್ಗ ಆಳವನ್ನು ತಡೆದು ಹಣ ಉಳಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಸೀಲೆಂಟ್ ತಳಕ್ಕೆ ಅಂಟದಂತೆ ನೋಡಿಕೊಳ್ಳುತ್ತದೆ. ಎರಡು ಬದಿಗೆ ಮಾತ್ರ ಅಂಟಿದ ಸೀಲೆಂಟ್ ನಡುವೆ ಆರಾಮವಾಗಿ ಹಿಗ್ಗುತ್ತದೆ. ತಳಕ್ಕೂ ಅಂಟಿದರೆ ಮೂರು ಕಡೆ ಎಳೆದು ಹರಿಯುತ್ತದೆ. ಎರಡೂ ಅಂಚಿಗೆ ಪ್ರೈಮರ್, ಹೊರಗೆ ಸೀಲೆಂಟ್ ಮೆತ್ತದಿರಲು ಟೇಪು, ಆಮೇಲೆ ಗನ್ನಿನಲ್ಲಿ 8 ಮಿ.ಮೀ. ಆಳಕ್ಕೆ ತುಂಬಿಸಿ ಕರಣಿಯಿಂದ ಒತ್ತಿ ನಯ ಮಾಡಿದ್ದು. ಮೀಟರಿಗೆ 120 ಮಿ.ಲೀ. ಆಗುತ್ತದೆ, 600 ಮಿ.ಲೀ. ಪ್ಯಾಕೆಟ್ಟಿನಲ್ಲಿ 5 ಮೀಟರ್. ನಷ್ಟವೂ ಸೇರಿ 11 ಮೀಟರಿಗೆ ಮೂರು ಪ್ಯಾಕೆಟ್ ಸಾಕಾಯಿತು. ಇಡೀ ಉದ್ದಕ್ಕೆ ಹಾಕುವ ಮೊದಲು ಮೂಲೆಯಲ್ಲಿ ಗೇಣುದ್ದ ಹಾಕಿ, ವಾರ ಬಿಟ್ಟು ಕೈಯಿಂದ ಎಳೆದು ನೋಡಿದ್ದೆವು. ಲೇಪದ ಮೇಲೆ ಹಿಡಿಯುತ್ತದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಹಸಿಯಿರುವಾಗಲೇ ಮೇಲಿನಿಂದ ಒಣ ಹೊಯ್ಗೆ ಉದುರಿಸಿದ್ದರಿಂದ ಬಣ್ಣ ಕಲ್ಲಿನೊಂದಿಗೆ ಹೊಂದಿತು.

ಅಡುಗೆಮನೆಯ ಹಿಂಬದಿಯ ಅಗಲ ಸಂದನ್ನು ಮುಚ್ಚಲಿಲ್ಲ. ಅಲ್ಲಿ ಒಂದೂವರೆ ಅಡಿ ಕಲ್ಲು ತೆಗೆದು, ಅಡಿಯಲ್ಲಿ ತೋಟದ ಕಡೆಗೆ ಇಳಿಯುವ ಕಾಂಕ್ರೀಟ್ ಕಣಿ ಮಾಡಿ, ಮೇಲೆ ದಪ್ಪ ಜಲ್ಲಿ ಹರಡಿದೆವು.

ಮುಂದಿನ ಮಳೆಗಾಲದಲ್ಲಿ ಪಡುಕೋಣೆಗಳ ಒರತೆ ಹೊಸದಾಗಿ ಏರಲಿಲ್ಲ. ಹಳೆಯ ಕಲೆ ಮಾತ್ರ ತಕ್ಷಣ ಹೋಗಲಿಲ್ಲ, ಮುರಕಲ್ಲು ಕುಡಿದ ನೀರನ್ನು ನಿಧಾನಕ್ಕೆ ಬಿಡುತ್ತದೆ. ಆದ್ದರಿಂದ ಒಳಗಿನ ಪುಟ್ಟಿಯನ್ನು ಕೆರೆದು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬೋಳಾಗಿ ಬಿಡಿಸಿದೆ. ನೆಂಟರು ಬರುತ್ತಾರೆ, ಬೇಗ ಬಣ್ಣ ಹೊಡೆಯೋಣ ಎಂಬ ಒತ್ತಾಯವಿತ್ತು. ಮಾಷ್ಟ್ರು ನನ್ನ ಪರ ನಿಂತರು. ಪೈಪು ಇಳಿಯುವ ಮೂಲೆಯಲ್ಲಿ ಒಂದು ಅಡಿಯಷ್ಟು ಸೀಲೆಂಟ್ ಗೋಡೆ ಬಿಟ್ಟಿತ್ತು, ಅಲ್ಲಿ ಬ್ರಾಕೆಟ್ ಕೂರಿಸುವಾಗ ಸಾರಣೆ ಸಡಿಲಾಗಿತ್ತು. ಅಷ್ಟನ್ನು ಕೊಯ್ದು ತೆಗೆದು, ಸಾರಣೆ ಸರಿಮಾಡಿ ಮತ್ತೆ ಹಾಕಿದ್ದು ನಿಂತಿದೆ. ಕಿಟಕಿಯ ಮೂಲೆಯ ಕಲೆ ಮಾತ್ರ ಹಾಗೆಯೇ ಉಳಿಯಿತು. ಅದು ಕಿಟಕಿಯ ಮೇಲೆ ಚಾಚಿದ ಸಜ್ಜಾ ಹಲಗೆಯ ಮೇಲ್ಭಾಗದ ಬಿರುಕಿನಿಂದ ಬರುತ್ತಿತ್ತು, ಅದರ ಕೆಲಸ ಬೇರೆಯೇ.

ಕೆಲಸ ಮುಗಿದ ಮೇಲೆ ಮಾಷ್ಟ್ರು ಕೇಳಿದ್ದು ಒಂದೇ. "ಹಾಗಾದರೆ ಕಲ್ಲು ಕಲ್ಲಿನ ನಡುವೆಯೂ ಇದನ್ನೇ ಹಾಕಿಬಿಟ್ಟರೆ ಹುಲ್ಲೂ ಬರುವುದಿಲ್ಲವಲ್ಲ?" ಬೇಡ ಎಂದೆ. ಕಲ್ಲುಗಳ ನಡುವಿನ 2ರಿಂದ 4 ಮಿ.ಮೀ. ಸಂದು ಜಲ್ಲಿ ಹುಡಿಯಿಂದ ತುಂಬಿದ್ದರೇ ಕಲ್ಲು ಕಲ್ಲನ್ನು ಹಿಡಿಯುವುದು, ಅಲ್ಪಸ್ವಲ್ಪ ನೀರು ಇಳಿಯುವುದು. ಅವರ ಮನೆಯಲ್ಲಿ ದಿನಾ ಬೆಳಿಗ್ಗೆ ಹಿಡಿಸೂಡಿಯಿಂದ ಗುಡಿಸುವಾಗ ಆ ಹುಡಿ ಎದ್ದುಹೋಗುತ್ತಿತ್ತು. ಈಗ ದೀಪಾವಳಿ ಕಳೆದು, ಅಡಿಕೆ ಹರಡುವ ಮೊದಲು, ಒಣಗಿದ ಹುಡಿಯನ್ನು ಅಂಗಳಕ್ಕೆಲ್ಲ ಚೆಲ್ಲಿ ಸಂದುಗಳಿಗೆ ಇಳಿಸುತ್ತಾರೆ. ಹರಿನಾಳಿಗೆಯ ತರಗೆಲೆಯನ್ನು ಮೇ ತಿಂಗಳಲ್ಲಿ ತೆಗೆಸುತ್ತಾರೆ, ಸೀಲೆಂಟನ್ನು ಅದೇ ದಿನ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡುತ್ತಾರೆ.